ಶಾಲೆಯ ಕಿಟಕಿಯಿಂದ ಕಂಡ ಲಾರಿಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

ಸಮಿತಿಯವರು ಫೋನ್ ಮಾಡಿ "ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡಪ್ಪ" ಎಂದರು. ನಾನು ಒಪ್ಪಿಕೊಂಡೆ. ಆದರೆ ಇವತ್ತು ಮಾತಾಡುವುದು ಲಾರಿ, ರೈಲು ಮತ್ತು ಆಲೂಗೆಡ್ಡೆಯ ಬಗ್ಗೆ. ಕಂಪ್ಯೂಟರ್ ನಡುನಡುವೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಒಂಬತ್ತನೇ ತರಗತಿಯ ಕೋಣೆಯ ಎಡಗಡೆ ಕಿಟಕಿ ಈಗಲೂ ಹೆದ್ದಾರಿಯ ಕಡೆಗೇ ಇದೆ. ಬೆಳಿಗ್ಗೆ ಹೋಗಿ ನೋಡಿ ಬಂದೆ. ಸರಳು ಬದಲಾಗಿದೆ, ನೋಟ ಬದಲಾಗಿಲ್ಲ. ನಾನು ಆ ಕಿಟಕಿಯ ಪಕ್ಕದ ಬೆಂಚಿನವನು. ಗಣಿತದ ಪಾಠ ನಡೆಯುವಾಗ ಲಾರಿ ಎಣಿಸುತ್ತಿದ್ದೆ. ಕೆಎ 13 ಅಂದರೆ ನಮ್ಮ ಹಾಸನದ್ದು, ಕೆಎ 19 ಅಂದರೆ ಮಂಗಳೂರಿನದು, ಟಿಎನ್ 28 ಅಂದರೆ ನಾಮಕ್ಕಲ್. ಒಂದು ದಿನ ಮೇಷ್ಟ್ರ ಕೈಗೆ ಸಿಕ್ಕಿಬಿದ್ದೆ. ಹೊಡೆತ ಬೀಳುತ್ತದೆ ಎಂದು ಕೈ ಚಾಚಿದರೆ, ಅವರು ನೋಟ್‌ಬುಕ್ ಕಸಿದುಕೊಂಡು ಕೊನೆಯ ಪುಟ ನೋಡಿದರು. "ಗೆರೆ ಹಾಕಿ ಎಣಿಸಿದ್ದೀಯ. ಸರಿ. ಯಾವ ಲಾರಿ ತುಂಬಿತ್ತು, ಯಾವುದು ಖಾಲಿ, ಯಾವ ದಿಕ್ಕಿಗೆ, ಅದನ್ನೂ ಬರಿ. ನಾಳೆ ಸ್ತಂಭಾಲೇಖ ಬರೆದುಕೊಂಡು ಬಾ" ಎಂದರು. ಆ ಮೇಷ್ಟ್ರು ಈಗ ಇಲ್ಲ. ಬೆಂಗಳೂರಿನಲ್ಲಿ ನನಗೆ ಸಂಬಳ ಕೊಡುವವರು ಇವತ್ತಿಗೂ ನನ್ನಿಂದ ಮಾಡಿಸುವುದು ಹೆಚ್ಚುಕಡಿಮೆ ಇದೇ ಕೆಲಸ: ಯಾವ ಸರಕು, ಎಲ್ಲಿಂದ ಎಲ್ಲಿಗೆ, ತುಂಬಿ ಹೋಯಿತೋ ಖಾಲಿ ಬಂತೋ.

ನಾನು ಹೈಸ್ಕೂಲಿನಲ್ಲಿದ್ದ ವರ್ಷಗಳನ್ನು ನೆನಪಿಸಿಕೊಳ್ಳಿ. ಆಗ ನಮ್ಮೂರ ಮುಂದೆ ರೈಲು ಓಡುತ್ತಿರಲಿಲ್ಲ. 1979ರಲ್ಲಿ ಬಂದಿದ್ದ ಹಾಸನ–ಮಂಗಳೂರು ಮೀಟರ್ ಗೇಜ್ ದಾರಿಯನ್ನು ಬ್ರಾಡ್ ಗೇಜ್ ಮಾಡಲೆಂದು ಮುಚ್ಚಿದ್ದರು. ಹಳಿ ಕಿತ್ತ ಜಾಗದಲ್ಲಿ ನಾವು ಸೈಕಲ್ ಹೊಡೆಯುತ್ತಿದ್ದೆವು. ಹಾಗಾಗಿ ಘಟ್ಟ ಇಳಿಯಬೇಕಾದ ಸರಕೆಲ್ಲ ಒಂದೇ ರಸ್ತೆಯಲ್ಲಿ ಹೋಗುತ್ತಿತ್ತು. ಬಳ್ಳಾರಿ ಕಡೆಯ ಅದಿರು ಲಾರಿಗಳು ಮಂಗಳೂರು ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದ ಕಾಲ ಅದು. ಶಾಲೆಯ ಬೋರ್ಡು ಕೆಂಪಗಾಗುತ್ತಿತ್ತು, ಅಮ್ಮ ಒಣಹಾಕಿದ ಬಿಳಿ ಪಂಚೆಯೂ ಕೆಂಪಗಾಗುತ್ತಿತ್ತು. ಎದುರಿಗೆ ಮಂಗಳೂರಿನಿಂದ ಅಡುಗೆ ಅನಿಲದ ಬುಲೆಟ್ ಟ್ಯಾಂಕರ್‌ಗಳು ಘಟ್ಟ ಹತ್ತಿ ಬರುತ್ತಿದ್ದವು. ಅವುಗಳಲ್ಲಿ ಬಹುಪಾಲು ಟಿಎನ್ 28. ಇವುಗಳ ನಡುವೆ ನಮ್ಮ ಊರಿನ ಆಲೂಗೆಡ್ಡೆ ಲಾರಿ.

ಆಮೇಲೆ ಏನಾಯಿತು? 2006ರಲ್ಲಿ ಬ್ರಾಡ್ ಗೇಜ್ ಹಳಿಯ ಮೇಲೆ ಗೂಡ್ಸ್ ರೈಲು ಶುರುವಾಯಿತು, 2007ರ ಡಿಸೆಂಬರಿನಲ್ಲಿ ಪ್ಯಾಸೆಂಜರ್ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಟ್ಟ, 57 ಸುರಂಗ. 50 ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದು. ಹಿಂದಿನಿಂದ ಎಂಜಿನ್ ನೂಕಿದರೆ ಮಾತ್ರ ಗೂಡ್ಸ್ ಮೇಲೆ ಬರುತ್ತದೆ. ಆದರೂ ಅದಿರಿನ ದೊಡ್ಡ ಪಾಲು ಹಳಿಗೆ ಹೋಯಿತು. ಪೆಟ್ರೋಲ್, ಡೀಸೆಲ್ಲಿಗೆ ಅದಕ್ಕೂ ಮೊದಲೇ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ 360 ಚಿಲ್ಲರೆ ಕಿಲೋಮೀಟರ್ ಉದ್ದದ ಕೊಳವೆ ಬಂದಿತ್ತು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಮಗುಚಿ ಸುತ್ತಲಿನ ಮನೆಗಳ ಜನ ಸುಟ್ಟುಹೋದ ಸುದ್ದಿ ನಿಮಗೆಲ್ಲ ಗೊತ್ತು. 2016ರ ಹೊತ್ತಿಗೆ ಅಡುಗೆ ಅನಿಲಕ್ಕೂ ಮಂಗಳೂರು–ಹಾಸನ–ಮೈಸೂರು–ಬೆಂಗಳೂರು ಕೊಳವೆ ಸಿದ್ಧವಾಯಿತು.

ಅಂದರೆ ಒಂದೇ ರಸ್ತೆಯ ಮೇಲಿದ್ದ ಹೊರೆ ರಸ್ತೆ, ಹಳಿ, ಕೊಳವೆ ಎಂದು ಮೂರು ದಾರಿಗೆ ಹಂಚಿಹೋದದ್ದನ್ನು ಈ ಕಿಟಕಿಯಿಂದಲೇ ನೋಡಿದವರು ನಾವು. ನನ್ನ ಕೆಲಸದಲ್ಲಿ ಇದಕ್ಕೆ ಬಹುಮಾದರಿ ಸಾಗಣೆ ಎಂದು ದೊಡ್ಡ ಹೆಸರಿದೆ. ಅದಿರಿಗೆ ರೈಲು ಸಿಕ್ಕಿತು, ಪೆಟ್ರೋಲಿಗೆ ಪೈಪು ಸಿಕ್ಕಿತು. ನಮ್ಮ ಆಲೂಗೆಡ್ಡೆ, ಶುಂಠಿ, ಮುಸುಕಿನ ಜೋಳ ಮಾತ್ರ ಲಾರಿಯಲ್ಲೇ ಉಳಿದವು. ಊರಿನವರ ಪ್ರಶ್ನೆಯೂ ಇದೇ ಆಗಿತ್ತು, ಅದೇ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು.

ಎರಡು ವರ್ಷದ ಹಿಂದೆ ಹಬ್ಬಕ್ಕೆ ಬಂದಿದ್ದಾಗ ನಾಲ್ಕೈದು ಹಿರಿಯರು ಮನೆಗೆ ಬಂದರು. "ನಮ್ಮ ಸ್ಟೇಷನ್ನಿಗೆ ಒಂದು ಗೂಡ್ಸ್ ಶೆಡ್ ಬೇಕು ಅಂತ ಮನವಿ ಕೊಡ್ತೀವಿ. ಬರೀ ಬೇಕು ಅಂದ್ರೆ ಯಾರು ಕೇಳ್ತಾರೆ? ನೀನು ಕಂಪ್ಯೂಟರಿನೋನು, ಅಂಕಿಅಂಶ ಹಾಕಿ ಬರ್ಕೊಡು." ಇವರು ಹೀಗೆ ಕೇಳಲು 2018ರ ನೆನಪೂ ಕಾರಣ. ಆ ವರ್ಷ ಶಿರಾಡಿ ರಸ್ತೆ ಕಾಂಕ್ರೀಟ್ ಕೆಲಸಕ್ಕೆಂದು ತಿಂಗಳುಗಟ್ಟಲೆ ಮುಚ್ಚಿತ್ತು. ತೆರೆದು ತಿಂಗಳಾಗಿತ್ತೋ ಇಲ್ಲವೋ, ಆಗಸ್ಟಿನ ಮಳೆಗೆ ಗುಡ್ಡ ಜಾರಿ ಮತ್ತೆ ಮುಚ್ಚಿತು. ಅದೇ ಮಳೆಗೆ ರೈಲು ದಾರಿಯೂ ಮುಚ್ಚಿತು. ಮಡಿಕೇರಿ ಕಡೆಯ ರಸ್ತೆಯೂ ಕುಸಿದಿತ್ತು. ಕರಾವಳಿಗೆ ತರಕಾರಿ ಒಯ್ಯುತ್ತಿದ್ದ ನಮ್ಮವರು ಯಾವ ದಾರಿ ಹಿಡಿಯಬೇಕೆಂದು ತಿಳಿಯದೆ ಹಾಸನದಲ್ಲೇ ಬಂದ ಬೆಲೆಗೆ ಮಾರಿದರು. 2024ರ ಜುಲೈ ಕೊನೆಯಲ್ಲೂ ಯಡಕುಮರಿ ಹತ್ತಿರ ಹಳಿಯಡಿಯ ಮಣ್ಣು ಜಾರಿ ಕೆಲವು ದಿನ ರೈಲು ನಿಂತಿತ್ತು.

ನಾನು ಉತ್ಸಾಹದಿಂದಲೇ ಕುಳಿತೆ. ಕಂಪನಿಯ ಗುಟ್ಟಿನ ದತ್ತಾಂಶ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಯಾರು ಬೇಕಾದರೂ ನೋಡಬಹುದಾದ, ಹತ್ತನೇ ತರಗತಿಯ ಹುಡುಗಿ ತನ್ನ ಅಣ್ಣನ ಫೋನಿನಲ್ಲಿ ತೆಗೆಯಬಹುದಾದ ಮಾಹಿತಿಯಿಂದಲೇ ಲೆಕ್ಕ ಮಾಡಬೇಕೆಂದು ನಿಶ್ಚಯಿಸಿದೆ. ಹುಡುಕಿದರೆ ಎಷ್ಟೊಂದು ಇದೆ! ಅಗ್‌ಮಾರ್ಕ್‌ನೆಟ್ ಎಂಬ ಕೇಂದ್ರ ಸರ್ಕಾರದ ತಾಣದಲ್ಲಿ, ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿ, ಯಾವ ಮಾರುಕಟ್ಟೆಗೆ ಯಾವ ದಿನ ಎಷ್ಟು ಆವಕ, ಏನು ಧಾರಣೆ ಎಂಬುದು ವರ್ಷಗಳ ಹಿಂದಿನದೂ ಸಿಗುತ್ತದೆ. ರೈಲ್ವೆಯವರು ಸರಕಿನ ದರಪಟ್ಟಿಯನ್ನೂ ನಿಲ್ದಾಣದಿಂದ ನಿಲ್ದಾಣಕ್ಕೆ ದೂರವನ್ನೂ ಬಹಿರಂಗವಾಗಿಯೇ ಇಟ್ಟಿದ್ದಾರೆ. ಟೋಲ್ ದರ ಇದೆ, ದಿನದ ಡೀಸೆಲ್ ದರ ಇದೆ. ರಸ್ತೆಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಅದು ಪ್ರಪಂಚದ ಜನ ಸೇರಿ ಬಿಡಿಸಿದ ನಕ್ಷೆ, ಬಿಟ್ಟಿ. ಪ್ರಧಾನಮಂತ್ರಿ ಗತಿಶಕ್ತಿ ಎಂದು 2021ರ ಅಕ್ಟೋಬರಿನಲ್ಲಿ ಬಂದ ನಕ್ಷೆ ಇನ್ನೂ ಸಮೃದ್ಧವಾದದ್ದು. ಆದರೆ ಅದು ಮುಖ್ಯವಾಗಿ ಇಲಾಖೆಗಳು ಒಂದನ್ನೊಂದು ಕೇಳಿ ಕೆಲಸ ಮಾಡಲೆಂದು ಕಟ್ಟಿದ್ದು, ನಮ್ಮಂಥವರಿಗಲ್ಲ.

ಇಷ್ಟೆಲ್ಲ ಸಿಕ್ಕಿದ ಮೇಲೆ ಗೊತ್ತಾಯಿತು, ಬೇಕಾದದ್ದೇ ಇಲ್ಲ ಎಂದು. ನಮ್ಮ ದೇಶದ ಸರಕಿನಲ್ಲಿ ನೂರಕ್ಕೆ ಸುಮಾರು 70 ಭಾಗ ಲಾರಿಯಲ್ಲಿ ಹೋಗುತ್ತದೆ. ರಾಜ್ಯದಿಂದ ರಾಜ್ಯಕ್ಕೆ ರೈಲಿನಲ್ಲಿ, ನದಿಯಲ್ಲಿ, ವಿಮಾನದಲ್ಲಿ ಹೋದ ಸರಕಿಗೆ ಸರ್ಕಾರ ಪುಸ್ತಕವನ್ನೇ ಪ್ರಕಟಿಸುತ್ತದೆ. ಲಾರಿಯಲ್ಲಿ ಹೋದದ್ದಕ್ಕೆ ಅಂಥ ಪುಸ್ತಕವಿಲ್ಲ. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂದಿದೆ, 50,000 ರೂಪಾಯಿ ಮೇಲ್ಪಟ್ಟ ಸರಕಿಗೆ ಬೇಕೇ ಬೇಕು. ಆದರೆ ತಾಜಾ ತರಕಾರಿ, ಆಲೂಗೆಡ್ಡೆ, ತೆಂಗಿನಕಾಯಿಗೆ ವಿನಾಯಿತಿ. ರೈತನಿಗೆ ತೊಂದರೆಯಾಗಬಾರದೆಂದು ಕೊಟ್ಟ ಒಳ್ಳೆಯ ವಿನಾಯಿತಿಯೇ. ಅದರಿಂದಾಗಿ ನಮ್ಮ ಬೆಳೆ ಆ ಲೆಕ್ಕದಲ್ಲೂ ಕಾಣದು. ಇನ್ನು ಎಪಿಎಂಸಿ ಲೆಕ್ಕಕ್ಕೆ ಬರುವುದು ಯಾರ್ಡಿನೊಳಗೆ ಹೋದದ್ದು ಮಾತ್ರ. ಹೊಲದಲ್ಲೇ ವ್ಯಾಪಾರ ಕುದುರಿ ಲಾರಿ ಹತ್ತಿದ ಶುಂಠಿಗೆ, ಜೋಳಕ್ಕೆ ಯಾವ ದಾಖಲೆ? ಸರ್ಕಾರದ ಕಂಪ್ಯೂಟರಿಗೆ ಪೆಟ್ರೋಲಿನ ಪ್ರತಿ ಲೀಟರ್ ಗೊತ್ತು. ನಮ್ಮ ಊರಿನಿಂದ ಹೊರಟ ಲಾರಿ ಎಷ್ಟು ಎಂಬುದು ಕಿಟಕಿಯ ಪಕ್ಕ ಕೂತ ಹುಡುಗನಿಗೆ ಗೊತ್ತಿದ್ದಷ್ಟೂ ಗೊತ್ತಿಲ್ಲ.

ಸರಿ, ಇದ್ದುದರಲ್ಲಿ ಲೆಕ್ಕ ಮಾಡಿದೆ. ಮಕ್ಕಳೇ, ಈ ಭಾಗ ನಿಮಗೆ, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಬನ್ನಿ. ಸರಿಯಾದ ದರ ದಿನದಿನಕ್ಕೆ ಬದಲಾಗುತ್ತದೆ, ಅದಕ್ಕೇ ಗುಂಡು ಸಂಖ್ಯೆ ಇಟ್ಟುಕೊಳ್ಳೋಣ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ಲಾರಿಗೆ 3 ರೂಪಾಯಿ, ರೈಲಿಗೆ ಒಂದೂವರೆ ರೂಪಾಯಿ ಅಂದುಕೊಳ್ಳಿ. ರೈಲು ಅರ್ಧಕ್ಕರ್ಧ ಅಗ್ಗ! ಆದರೆ ರೈಲು ಹೊಲಕ್ಕೆ ಬರುವುದಿಲ್ಲ. ಹೊಲದಿಂದ ಸ್ಟೇಷನ್ನಿಗೆ ಲಾರಿ, ಅಲ್ಲಿ ಇಳಿಸಿ ಬಂಡಿಗೆ ಏರಿಸುವ ಹಮಾಲಿ, ಆ ತುದಿಯಲ್ಲಿ ಮತ್ತೆ ಇಳಿಸಿ ಮತ್ತೆ ಲಾರಿ. ಇದಕ್ಕೆಲ್ಲ ಟನ್ನಿಗೆ 900 ರೂಪಾಯಿ ಅನ್ನೋಣ. ಈ 900ನ್ನು ಕಿಲೋಮೀಟರಿಗೆ ಒಂದೂವರೆಯಂತೆ ಉಳಿಸುತ್ತ ಉಳಿಸುತ್ತ ತೀರಿಸಬೇಕಾದರೆ ಎಷ್ಟು ದೂರ ಹೋಗಬೇಕು? 600 ಕಿಲೋಮೀಟರ್. ಅದಕ್ಕಿಂತ ಹತ್ತಿರಕ್ಕೆ ಲಾರಿ ಲಾಭ, ಅದಕ್ಕಿಂತ ದೂರಕ್ಕೆ ರೈಲು ಲಾಭ.

ಈಗ ನಮ್ಮ ಸರಕು ಎಲ್ಲಿಗೆ ಹೋಗುತ್ತದೆ ನೋಡಿ. ತರಕಾರಿ ಮಂಗಳೂರಿಗೆ, ಬೆಂಗಳೂರಿಗೆ. ಎರಡೂ 200 ಕಿಲೋಮೀಟರ್ ಆಸುಪಾಸು. ಮುಸುಕಿನ ಜೋಳ ಕೋಳಿಮೇವಿಗೆಂದು ನಾಮಕ್ಕಲ್ ಕಡೆಗೆ ಹೋದರೂ 600 ದಾಟುವುದಿಲ್ಲ. ಅದಕ್ಕೇ ಇವೆಲ್ಲ ಲಾರಿಯಲ್ಲಿವೆ. ಯಾರೋ ನಮಗೆ ಅನ್ಯಾಯ ಮಾಡಿ ಲಾರಿಯಲ್ಲಿ ಉಳಿಸಿದ್ದಲ್ಲ.

ಇನ್ನೊಂದು ತೊಡಕಿದೆ. ಗೂಡ್ಸ್ ರೈಲಿನಲ್ಲಿ ಬಿಡಿಬಿಡಿ ಮೂಟೆ ಹಾಕುವ ಕಾಲ ಹೋಯಿತು. ಈಗ ರೇಕಿನ ಲೆಕ್ಕ. ಮುಚ್ಚುಬಂಡಿಗಳ ಹಳೆಯ ಮಾದರಿಯ ಒಂದು ರೇಕು ಅಂದರೆ ಸುಮಾರು 42 ಬಂಡಿ, ಒಟ್ಟು 2,600 ಟನ್. ಲಾರಿಗೆ 20 ಟನ್ ಅಂದರೂ 130 ಲಾರಿ ಸರಕು ಒಂದೇ ಸಲಕ್ಕೆ ಸ್ಟೇಷನ್ನಿನಲ್ಲಿ ಸಿದ್ಧವಿರಬೇಕು. ತುಂಬುವುದು ತಡವಾದರೆ ಗಂಟೆ ಲೆಕ್ಕದಲ್ಲಿ ಡೆಮರೇಜ್ ದಂಡ. 20 ಬಂಡಿಯ ಮಿನಿ ರೇಕ್ ಸೌಲಭ್ಯವೂ ಉಂಟು. ಅದೂ ನಮ್ಮ ಒಂದು ಊರಿನ ಅಳತೆಯದಲ್ಲ. ನಮ್ಮ ಹೋಬಳಿಯ ಜೋಳವೆಲ್ಲ ಸೇರಿಸಿದರೆ ಸುಗ್ಗಿಯಲ್ಲಿ ಕೆಲವು ರೇಕು ಆಗಬಹುದು, ಉಳಿದ ತಿಂಗಳು ಶೆಡ್ಡಿನಲ್ಲಿ ನಾಯಿ ಮಲಗುತ್ತದೆ. ಒಂದು ಆಸೆ ಹುಟ್ಟಿತ್ತು: ಗೊಬ್ಬರ ತರುವುದೂ ಮುಚ್ಚುಬಂಡಿಯೇ, ಜೋಳ ಒಯ್ಯುವುದೂ ಮುಚ್ಚುಬಂಡಿಯೇ. ಗೊಬ್ಬರ ಇಳಿಸಿದ ಬಂಡಿಗೆ ಜೋಳ ತುಂಬಿದರೆ ಖಾಲಿ ಓಟ ತಪ್ಪುತ್ತದಲ್ಲ? ತಿಂಗಳವಾರು ಪಟ್ಟಿ ಹಾಕಿದರೆ ಗೊಬ್ಬರದ ಹೆಚ್ಚಿನ ಆವಕ ಮುಂಗಾರಿಗೆ, ಜೋಳದ ಸುಗ್ಗಿ ದೀಪಾವಳಿಯ ಆಚೀಚೆ. ಬಂಡಿ ಒಂದೇ, ತಿಂಗಳು ಬೇರೆ.

ಹೀಗೆ ನಾನು ಬರೆದುಕೊಟ್ಟ ವರದಿಯ ತಾತ್ಪರ್ಯ ಏನಾಯಿತೆಂದರೆ, ನಮ್ಮ ಸ್ಟೇಷನ್ನಿಗೆ ಗೂಡ್ಸ್ ಶೆಡ್ ಬೇಡ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಹಾಸನವೇ ಸಾಕು. ಅದನ್ನು ಓದಿ ಹೇಳಿದ್ದು ಇದೇ ಶಾಲೆಯ ಅಂಗಳದಲ್ಲಿ, ಒಂದು ಭಾನುವಾರ. ಒಬ್ಬ ಹಿರಿಯರು ಎದ್ದು ನಿಂತು "ನಮ್ಮ ಪರ ಬರಿಯಪ್ಪ ಅಂದ್ರೆ ರೈಲ್ವೆಯೋರ ಪರ ಬರ್ಕೊಂಡು ಬಂದಿದ್ದೀಯಲ್ಲ" ಎಂದರು. ಹಿಂದಿನಿಂದ ಯಾರೋ "ಬೆಂಗಳೂರು ನೀರು" ಎಂದರು. ನನ್ನ ತಂದೆಯೂ ಅಲ್ಲೇ ಕುಳಿತಿದ್ದರು, ತಲೆ ತಗ್ಗಿಸಿದ್ದರು. ಲೆಕ್ಕ ಸರಿಯಿದೆ ಎಂದು ನನಗೆ ಗೊತ್ತಿತ್ತು, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಲೆಕ್ಕ ಪೂರ್ತಿ ಸರಿಯಿರಲಿಲ್ಲ ಎಂದು ಮರುದಿನ ಬೆಳಿಗ್ಗೆ ತಿಳಿಯಿತು. ತಿಳಿಸಿದವರು ನಮ್ಮೂರಿನ ಲಾರಿ ಚಾಲಕರು, ನಿವೃತ್ತರು, ಈ ಸಭೆಯಲ್ಲಿದ್ದಾರೆ, ಹೆಸರು ಹೇಳಬೇಡ ಎಂದಿದ್ದಾರೆ. ನನ್ನ ನಕ್ಷೆ ನೋಡಿ ನಕ್ಕರು. ಹೊಲಗಳಿಂದ ಹೆದ್ದಾರಿಗೆ ನಾನು ತೋರಿಸಿದ್ದ ಹತ್ತಿರದ ದಾರಿ ರೈಲ್ವೆ ಕೆಳಸೇತುವೆಯಡಿ ಹೋಗುತ್ತದೆ. "ತುಂಬಿದ ಲಾರಿ ಅಲ್ಲಿ ನುಗ್ಗುತ್ತಾ? ಮಳೆಗಾಲದಲ್ಲಿ ಮೊಣಕಾಲುದ್ದ ನೀರು ಬೇರೆ." ನಕ್ಷೆಯಲ್ಲಿ ಸೇತುವೆ ಇತ್ತು, ಎತ್ತರ ಬರೆದಿರಲಿಲ್ಲ. ಕಂಪ್ಯೂಟರ್ ಪಾಪ, ಬರೆಯದಿದ್ದರೆ ಎತ್ತರಕ್ಕೆ ಮಿತಿಯೇ ಇಲ್ಲ ಅಂದುಕೊಂಡಿತ್ತು. ನಮ್ಮ ಶಾಲೆಯ ಎಂಟು ಮಕ್ಕಳು ಬಿದಿರುಗಳು, ಟೇಪು ಹಿಡಿದು ಹೋಗಿ ಸುತ್ತಲಿನ ಕೆಳಸೇತುವೆಗಳನ್ನೆಲ್ಲ ಅಳೆದು ಬಂದರು. ಆ ಎತ್ತರಗಳನ್ನು ನಾವೇ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸಿದೆವು. ಜರ್ಮನಿಯಲ್ಲಿ ಕೂತವನು ನಮ್ಮೂರಿನ ದಾರಿ ಹುಡುಕಿದರೂ ಈಗ ಆ ಸೇತುವೆಯಡಿ ಲಾರಿ ನುಗ್ಗಿಸುವುದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ನಾನು ಊರಿನಿಂದ ಹೊರಗೆ ಹೋಗುವ ಸರಕಿನ ಹಿಂದೆಯೇ ಬಿದ್ದಿದ್ದೆ. ಆ ಚಾಲಕರು ಕೇಳಿದರು: "ಜಲಂಧರ್ ಎಲ್ಲಿ ನಿನ್ನ ಪಟ್ಟೀಲಿ?"

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಾಸನದ ಆಲೂಗೆಡ್ಡೆಯ ಬಿತ್ತನೆ ಬೀಜ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅಲ್ಲಿನ ಶೀತಲಗೃಹದಿಂದ ಏಪ್ರಿಲ್–ಮೇ ತಿಂಗಳಲ್ಲಿ ಹೊರಟು, ಎರಡೂವರೆ ಸಾವಿರ ಕಿಲೋಮೀಟರ್ ಆಸುಪಾಸು ದೂರವನ್ನು ದೇಶದ ಸುಡುಬಿಸಿಲಿನ ನಟ್ಟನಡುವೆ ಹಾದು ಬರುತ್ತದೆ. ಮುಂಗಾರು ಪೂರ್ವದ ಮಳೆ ಬಿದ್ದ ಹದದಲ್ಲಿ ಅದು ಮಣ್ಣು ಸೇರಬೇಕು. ನಾನು ಎಂಟನೇ ತರಗತಿಯಲ್ಲಿದ್ದ ವರ್ಷ ನಮ್ಮ ತಂದೆ ತಂದ ಮೂಟೆಗಳ ಬಾಯಿ ಬಿಚ್ಚಿದಾಗ ಬಂದ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಮೂರು ಮೂಟೆ ಪೂರ್ತಿ ನೀರಾಗಿತ್ತು. ಲಾರಿ ದಾರಿಯಲ್ಲಿ ಎಲ್ಲೋ ಕೆಟ್ಟು ನಿಂತಿತ್ತಂತೆ. ಕೊಳೆತದ್ದನ್ನು ತೆಗೆದು, ಉಳಿದದ್ದನ್ನು ಹೆಚ್ಚಿ ಬೂದಿ ಸವರಿ ಬಿತ್ತಿದೆವು. ಆ ವರ್ಷ ಅಕ್ಕನ ಪಿಯುಸಿ ಒಂದು ವರ್ಷ ಮುಂದಕ್ಕೆ ಹೋಯಿತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಆಲೂಗೆಡ್ಡೆಯ ಜೊತೆ ಸೇರಿಸಿ ಮಾತಾಡಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಇಂಥದ್ದು ನಮ್ಮ ಮನೆಯೊಂದರಲ್ಲೇ ಆಗಿಲ್ಲ. ಬೀಜದ ಗೋಳು ಒಂದು ಕಡೆ, ಅಂಗಮಾರಿ ರೋಗ ಇನ್ನೊಂದು ಕಡೆ. ಎಷ್ಟೋ ಜನ ಆಲೂಗೆಡ್ಡೆ ಬಿಟ್ಟು ಜೋಳಕ್ಕೆ, ಶುಂಠಿಗೆ ಹೋದರು.

ಎರಡೂವರೆ ಸಾವಿರ ಕಿಲೋಮೀಟರ್! 600ರ ಗೆರೆಯ ನಾಲ್ಕರಷ್ಟು. ಹಿಂದಿನ ಗುಂಡು ದರದಲ್ಲೇ ಲಾರಿಗೆ ಟನ್ನಿಗೆ 7,500 ರೂಪಾಯಿ. ರೈಲಿಗೆ 3,750, ಜೊತೆಗೆ ಆ 900, ಒಟ್ಟು 4,650. ಟನ್ನಿಗೆ 2,850 ಉಳಿತಾಯ. 50 ಕಿಲೋ ಮೂಟೆಗೆ 140 ರೂಪಾಯಿಗೂ ಮೇಲೆ. ಹಾಗಾದರೆ ವ್ಯಾಪಾರಿಗಳು ದಡ್ಡರೇ, ಲಾರಿಯಲ್ಲಿ ಯಾಕೆ ತರುತ್ತಾರೆ?

ದಡ್ಡರಲ್ಲ. ಗೂಡ್ಸ್ ರೈಲಿಗೆ ವೇಳಾಪಟ್ಟಿಯಿಲ್ಲ. ನಮ್ಮ ದೇಶದ ಗೂಡ್ಸ್ ರೈಲುಗಳ ಸರಾಸರಿ ವೇಗ ಬಹುಕಾಲ ಗಂಟೆಗೆ 25 ಕಿಲೋಮೀಟರ್ ಆಸುಪಾಸಿನಲ್ಲೇ ಇತ್ತು, ಯಾವ ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೋ ಹೇಳಲಾಗದು. ಮೇ ತಿಂಗಳಲ್ಲಿ ಕಬ್ಬಿಣದ ಮುಚ್ಚುಬಂಡಿ ಅಂದರೆ ಒಲೆ. ಒಂದು ಮೂಟೆ ಬೀಜಕ್ಕೆ 1,500 ರೂಪಾಯಿ ಅಂದುಕೊಂಡರೆ, ಹತ್ತು ಮೂಟೆಗೆ ಬಾಡಿಗೆಯಲ್ಲಿ ಉಳಿದದ್ದು 1,425. ಹತ್ತರಲ್ಲಿ ಒಂದು ಮೂಟೆ ಹೆಚ್ಚಿಗೆ ಕೊಳೆತರೆ ಹೋದದ್ದು 1,500. ಅಲ್ಲಿಗೆ ರೈಲಿನ ಲಾಭ ಮುಗಿಯಿತು. ಬಿತ್ತನೆಯ ಹದ ತಪ್ಪಿದ್ದಕ್ಕೆ ಬೆಲೆ ಕಟ್ಟಿಯೇ ಇಲ್ಲ. ನಾನು ಬರೆದ ಪ್ರೋಗ್ರಾಮಿನಲ್ಲಿ ಹಣದ ಕಾಲಂ ಇತ್ತು, ದಿನದ ಕಾಲಂ ಇರಲಿಲ್ಲ. ನಮ್ಮ ಮನೆಯಲ್ಲೇ ಮೂಟೆ ಕೊಳೆತದ್ದನ್ನು ಕಂಡವನು ನಾನು, ಮರೆತದ್ದು ಹೇಗೆ ಎಂದು ಈಗಲೂ ನಾಚಿಕೆಯಾಗುತ್ತದೆ.

ದಿನದ ಕಾಲಂ ಸೇರಿಸಿದ ಮೇಲೆ ಪ್ರಶ್ನೆ ಬದಲಾಯಿತು. ಗೂಡ್ಸ್ ರೇಕಿಗೂ ಲಾರಿಗೂ ನಡುವೆ ಇನ್ನೊಂದಿದೆ: ಪಾರ್ಸೆಲ್ ವ್ಯಾನ್. ಪ್ರಯಾಣಿಕರ ರೈಲಿಗೆ ಜೋಡಿಸುವ, ಹೊತ್ತಿಗೆ ಸರಿಯಾಗಿ ಓಡುವ ಡಬ್ಬಿ. ದೊಡ್ಡ ವ್ಯಾನಿನಲ್ಲಿ 23 ಟನ್ ಹಿಡಿಯುತ್ತದೆ, ಹೆಚ್ಚುಕಡಿಮೆ ಒಂದು ಲಾರಿ. ಇದೇ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಕಿಸಾನ್ ರೈಲು ಎಂದು 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲು ಓಡಿಸಿದರು. ಹಣ್ಣು ತರಕಾರಿಗೆ ಅರ್ಧ ಬಾಡಿಗೆ ಸಬ್ಸಿಡಿ ಇತ್ತು. ಸಬ್ಸಿಡಿ ನಿಂತ ಮೇಲೆ ಓಡಾಟವೂ ಸೊರಗಿತು. ಯಾಕೆಂದರೆ ಪಾರ್ಸೆಲ್ ದರ ಗೂಡ್ಸ್ ದರದಷ್ಟು ಅಗ್ಗವಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ. ಇಲ್ಲಿ ಸಿಗಬಹುದಾದ ಲಾಭ ಬಾಡಿಗೆಯದಲ್ಲ, ಎರಡು ಮೂರು ದಿನದ್ದು.

ಈಗ ಎಕರೆ ಲೆಕ್ಕಕ್ಕೆ ಬನ್ನಿ. ಎಕರೆಗೆ ಸುಮಾರು 6 ಕ್ವಿಂಟಲ್ ಬೀಜ ಬೇಕು. ಒಂದು ರೇಕು 2,600 ಟನ್ ಅಂದರೆ 4,300 ಎಕರೆಗೆ ಬೀಜ. ಅಷ್ಟು ಜನರನ್ನು ಒಂದೇ ದಿನ, ಒಂದೇ ತಳಿಗೆ, ಒಂದೇ ಧಾರಣೆಗೆ ಒಪ್ಪಿಸುವುದು ಯಾರಿಂದಲೂ ಆಗದ ಮಾತು. ಒಂದು ವ್ಯಾನು 23 ಟನ್ ಅಂದರೆ 38 ಎಕರೆ. ಮೂವತ್ತೆಂಟು ಎಕರೆ! ಅದು ಈ ಅಂಗಳದಲ್ಲಿ ಕೂತಿರುವ ಇಪ್ಪತ್ತು ಮೂವತ್ತು ಮನೆಗಳ ಹಿಡುವಳಿ. ಅದು ನಮ್ಮ ಅಳತೆಯದು.

ಹಾಗಾಗಿ ಮನವಿಯನ್ನು ತಿದ್ದಿ ಬರೆದೆವು. ನಾನೊಬ್ಬನೇ ಅಲ್ಲ, ಆ ಚಾಲಕರು, "ರೈಲ್ವೆಯೋರ ಪರ" ಎಂದು ಬೈದ ಹಿರಿಯರು, ಮತ್ತು ನಮ್ಮ ಸಮಾಜ ವಿಜ್ಞಾನದ ಮೇಡಂ ಸೇರಿ. ಗೂಡ್ಸ್ ಶೆಡ್ ಬಿಟ್ಟೆವು. ಬಿತ್ತನೆಯ ತಿಂಗಳಲ್ಲಿ ವಾರಕ್ಕೊಂದು ಸಲ, ಗೊತ್ತಾದ ದಿನ, ಪಂಜಾಬ್ ಕಡೆಯಿಂದ ಹಾಸನಕ್ಕೋ ಅರಸೀಕೆರೆ ಜಂಕ್ಷನ್ನಿಗೋ ಒಂದೆರಡು ಪಾರ್ಸೆಲ್ ವ್ಯಾನು ಬಂದು ನಿಲ್ಲುವಂತೆ ಕೇಳಿದ್ದೇವೆ. ವಾಪಸ್ ಹೋಗುವಾಗ ಖಾಲಿ ಹೋಗದಂತೆ ಅರಸೀಕೆರೆ, ತಿಪಟೂರು ಕಡೆಯ ಕೊಬ್ಬರಿ ಇದೆ. ಅದು ಹೇಗೂ ಉತ್ತರ ಭಾರತಕ್ಕೇ ಹೋಗುವ ಮಾಲು, ದೂರವೂ 600ರ ಗೆರೆಗಿಂತ ಎಷ್ಟೋ ಆಚೆ. ಮನವಿ ಹೋಗಿದೆ. ಉತ್ತರ ಬಂದಿಲ್ಲ. ಬರದೆಯೂ ಹೋಗಬಹುದು. ಅದಕ್ಕೆ ಮೊದಲು ನಮ್ಮ ಕಡೆಯಿಂದ 38 ಎಕರೆಯವರು ಒಂದೇ ಚೀಟಿಯಲ್ಲಿ ಸಹಿ ಹಾಕಬೇಕು. ಇದುವರೆಗೆ 21 ಎಕರೆ ಆಗಿದೆ.

ಇನ್ನೊಂದು ಮಾತು, ಲಾರಿ ಮಾಲೀಕರು ಕೆಲವರು ಮುಖ ಗಂಟಿಕ್ಕಿರುವುದು ಕಾಣುತ್ತಿದೆ. ನಾನು ಲಾರಿಯ ವಿರೋಧಿಯಲ್ಲ. ಲಾರಿಯನ್ನೇ ರೈಲಿನ ಮೇಲೆ ಹತ್ತಿಸುವ ರೋ-ರೋ ಪದ್ಧತಿ ನೀವು ಕೇಳಿರಬಹುದು. ಕೊಂಕಣ ರೈಲ್ವೆ ಅದನ್ನು 1999ರಲ್ಲಿ ಶುರುಮಾಡಿತು, ಆಮೇಲೆ ನಮ್ಮ ಸುರತ್ಕಲ್‌ವರೆಗೂ ತಂದಿತು. 2020ರ ಆಗಸ್ಟಿನಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಹತ್ತಿರದ ಬಾಳೆಗೂ ಶುರುವಾಯಿತು. ಸರಕು ಇಳಿಸಿ ಏರಿಸುವ ಖರ್ಚಿಲ್ಲ, ಚಾಲಕ ಕ್ಯಾಬಿನ್ನಿನಲ್ಲೇ ಮಲಗಿ ಹೋಗುತ್ತಾನೆ. ಶಿರಾಡಿಯಲ್ಲೂ ಹಾಗೆ ಮಾಡಬಾರದೇ ಎಂದು ಯುವಕನೊಬ್ಬ ಕೇಳಿದ. ಲೆಕ್ಕ ಹಾಕಿದೆ. 20 ಟನ್ ಸರಕಿನ ಜೊತೆ ಲಾರಿಯದೇ 10 ಟನ್ ಭಾರಕ್ಕೂ ಬಾಡಿಗೆ ಕೊಡಬೇಕು, ಅದನ್ನು ನೂಕಲು ಘಟ್ಟದಲ್ಲಿ ಹೆಚ್ಚಿನ ಎಂಜಿನ್ ಬೇಕು, ಮೇಲಾಗಿ 57 ಸುರಂಗಗಳಲ್ಲಿ ಲಾರಿಯ ನೆತ್ತಿ ತಾಗದಂತೆ ಹಾಯಬೇಕು. ಇಷ್ಟು ಗಿಡ್ಡ ದಾರಿಗೆ ಹೊಂದುವುದಿಲ್ಲ ಎನಿಸಿತು. ಆದರೆ ರಸ್ತೆ ಮುಚ್ಚಿದ, ಹಳಿ ಉಳಿದ ಮಳೆಗಾಲದ ಒಂದು ವಾರಕ್ಕೆ? ಆ ಲೆಕ್ಕ ನಾನು ಮಾಡಿಲ್ಲ. ಹತ್ತನೇ ತರಗತಿಯವರು ಯಾರಾದರೂ ಮಾಡಿ ನನಗೆ ತೋರಿಸಿ, ತಪ್ಪಿದ್ದರೂ ಸರಿ.

ಕೊನೆಯದಾಗಿ ಊರಿನವರಲ್ಲಿ ಎರಡು ಕೆಲಸ ಕೇಳುತ್ತೇನೆ. ಬರುವ ಶನಿವಾರ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಒಂಬತ್ತನೇ ತರಗತಿಯ ಮಕ್ಕಳು ಸರದಿಯ ಮೇಲೆ, ಮೇಡಂ ಜೊತೆಗೆ, ಶಾಲೆಯ ಕಾಂಪೌಂಡಿನ ಒಳಗೇ ಕುಳಿತು ಲಾರಿ ಎಣಿಸುತ್ತಾರೆ. ಬಸ್ ನಿಲ್ದಾಣದ ಹತ್ತಿರ ಲಾರಿ ನಿಲ್ಲಿಸಿದವರನ್ನು ಏನು ಸರಕು, ಎಲ್ಲಿಗೆ ಎಂದು ಕೇಳಲು ದೊಡ್ಡವರು ನಾಲ್ವರು ಬೇಕು. ಇನ್ನು ನಿಮ್ಮ ಮನೆಯ ಟ್ರಂಕಿನಲ್ಲಿ, ಕ್ಯಾಲೆಂಡರಿನ ಹಿಂದೆ, ಹಳೆಯ ಬೀಜದ ಚೀಟಿ, ತೂಕದ ಚೀಟಿ, ಲಾರಿ ಬಾಡಿಗೆ ರಶೀದಿ ಎಷ್ಟೇ ಹಳೆಯದಿದ್ದರೂ ಎಸೆಯಬೇಡಿ. ಕಂಪ್ಯೂಟರ್ ಕೋಣೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇವೆ. ಹೆಸರು ಇರುವ ಭಾಗವನ್ನು ಹರಿದು ಉಳಿದದ್ದನ್ನು ಹಾಕಿ. ಮೊದಲ ಚೀಟಿ ನಮ್ಮ ತಂದೆಯದು, ಬೆಳಿಗ್ಗೆ ಅವರೇ ತಂದು ಹಾಕಿದರು. ಆ ಮೂರು ಮೂಟೆಯ ವರ್ಷದ್ದು.